ಕುಡಿಯುವ ನೀರು, ಕೂಡುವ ಗೆಳತಿ: ಇಂಗ್ಲೀಷಿನ ‘ಟು’ ಪಾಠ

 

ಈ ಸಲದ ಗೋಡೆ ಪತ್ರಿಕೆಗೆ ಇಂಗ್ಲೀಷ್ ವ್ಯಾಕರಣದ ಒಂದು ಪಾಠ ನಾನು ಬರೆಯಬೇಕೆಂದು ನಮ್ಮ ಇಂಗ್ಲೀಷ್ ಗುರುಗಳು ಹೇಳಿದ್ದಾರೆ. ನಾನು ಬಹಳ ಶಾಣ್ಯಾಕಿ ಅಂತ ಹೇಳಿದ್ದಲ್ಲ. ಕಿರುಪರೀಕ್ಷೆಯಲ್ಲಿ ಆ ತಪ್ಪು ಮಾಡಿದವಳು ನಾನೇ, ಅದಕ್ಕೆ. ‘ಮೈ ಕ್ಲಾಸ್’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆಯಿರಿ ಎಂದು ಕೇಳಿದ್ದರು. ಐದನೆಯ ವಾಕ್ಯ ನಾನು ಹೀಗೆ ಬರೆದಿದ್ದೆ: ‘ಐ ಹ್ಯಾವ್ ನೋ ಫ್ರೆಂಡ್ ಟು ಸಿಟ್.’ ಗುರುಗಳು ವಾಕ್ಯದ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಬಾಣದ ಗುರುತು ಹಾಕಿ, ಅರ್ಧ ಅಂಕ ಕಡಿದಿದ್ದರು.

ನನ್ನ ಮಗ್ಗಲು ಕೂಡುತ್ತಿದ್ದ ಗೆಳತಿ ದೀಪಾವಳಿ ಆದ ಮೇಲೆ ಶಾಲೆಗೆ ಬಂದಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಅಕಿ ಅಪ್ಪ ಅವ್ವ ದುಡಿಲಾಕ ಪುಣೆಗೆ ಹೋಗ್ಯಾರ, ಅಕಿಗೂ ಕರಕೊಂಡು ಹೋಗ್ಯಾರ. ಎಳ್ಳ ಅಮಾಸಿಗೆ ಊರಿಗೆ ಬಂದವರೊಬ್ಬರ ಕೈಯಲ್ಲಿ ಅಕಿ ನನಗೊಂದು ಚೀಟಿ ಕೊಟ್ಟು ಕಳಿಸಿದ್ದಳು. ನೋಟುಬುಕ್ಕಿನ ಅರ್ಧ ಹಾಳೆ. ಎಲ್ಲಾ ಕನ್ನಡದಾಗ ಬರೆದು, ಕೊನೆಗೆ ಒಂದೇ ಒಂದು ವಾಕ್ಯ ಇಂಗ್ಲೀಷಿನಲ್ಲಿ ಬರೆದಿದ್ದಳು: ‘ದೇರ್ ಈಸ್ ನೋ ಪ್ಲೇಸ್ ಟು ಪ್ಲೇ ಹಿಯರ್.’ ಇಲ್ಲಿ ಆಡಲಿಕ್ಕೆ ಜಾಗ ಇಲ್ಲ ಅಂತ.

ನಾನು ಆ ಚೀಟಿ ಒಯ್ದು ಗುರುಗಳಿಗೆ ತೋರಿಸಿದೆ. “ಸರ್, ಅಕೀದೂ ನನ್ನಂಗೇ ತಪ್ಪು ಆಗ್ಯದಲ್ರಿ?” ಅಂದೆ. ಗುರುಗಳು ಓದಿ ನೋಡಿ, “ಇಲ್ಲವಾ, ಅಕೀದು ಬರೋಬರಿ ಅದ. ನಿಂದೇ ತಪ್ಪು” ಅಂದರು. ನನಗೆ ಸಿಟ್ಟು ಬಂತು. ಎರಡೂ ವಾಕ್ಯ ಒಂದೇ ಥರ ಕಾಣುತ್ತವೆ. ಅಲ್ಲೂ ‘ಟು’, ಇಲ್ಲೂ ‘ಟು’. ಅಕೀದು ಸರಿ, ನಂದು ತಪ್ಪು ಹೆಂಗ? ಇದನ್ನು ತಿಳಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ತಿಳಿದದ್ದನ್ನು ಕೆಳಗೆ ಬರೆದಿದ್ದೇನೆ. ಪಾಠ ಸ್ವಲ್ಪ ಉದ್ದ ಆಗಿದೆ, ನಿಂತು ಓದಿ ಕಾಲು ನೋಯ್ದರೆ ಕಟ್ಟೆ ಮೇಲೆ ಕೂತು ಓದಿರಿ.

ಮೊದಲು ಒಂದು ನಳದ ಮಾತು. ವಾಡಿ ಜಂಕ್ಷನ್ ನೀವೆಲ್ಲ ನೋಡಿರುತ್ತೀರಿ. ಅಲ್ಲಿ ನೀರಿನ ನಳದ ಮೇಲೆ ಮೂರು ಭಾಷೆಯಲ್ಲಿ ಬರೆದಿರುತ್ತದೆ. ಕನ್ನಡದಲ್ಲಿ ‘ಕುಡಿಯುವ ನೀರು’, ಹಿಂದಿಯಲ್ಲಿ ‘ಪೀನೇ ಕಾ ಪಾನೀ’, ಇಂಗ್ಲೀಷಿನಲ್ಲಿ ‘ಡ್ರಿಂಕಿಂಗ್ ವಾಟರ್’. ನೀರು ಒಂದೇ, ಎಂಥ ನೀರು ಅಂತ ಹೇಳುವ ಮಾತು ಮಾತ್ರ ಮೂರು ಥರ. ನೀರು ಎಂಬುದು ನಾಮಪದ. ಅದು ಎಂಥದು ಎಂದು ಹೇಳುವ ಪದ ವಿಶೇಷಣ. ‘ತಣ್ಣನೆಯ ನೀರು’ ಅಂದಾಗ ತಣ್ಣನೆಯ ಎಂಬುದು ವಿಶೇಷಣ. ‘ಕುಡಿಯುವ ನೀರು’ ಅಂದಾಗ ಒಂದು ಕ್ರಿಯಾಪದವೇ ವಿಶೇಷಣದ ಕೆಲಸ ಮಾಡುತ್ತದೆ. ನಮ್ಮ ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಕೃದಂತ ನಾಮ ಎಂದು ಹೆಸರು. ಕುಡಿಯುವ, ಕುಡಿದ, ಕುಡಿಯದ ಎಂದು ಮೂರು ರೂಪ ನಾವು ಕಲಿತಿದ್ದೇವೆ.

ಇಂಗ್ಲೀಷಿನಲ್ಲಿ ಈ ಕೆಲಸ ಮಾಡುವ ಒಂದು ದಾರಿ ‘ಟು’ ಹಚ್ಚಿದ ಕ್ರಿಯಾಪದ. ಅದಕ್ಕೆ ಇನ್ಫಿನಿಟಿವ್ ಎನ್ನುತ್ತಾರೆ. ‘ವಾಟರ್ ಟು ಡ್ರಿಂಕ್’, ‘ಎ ಬುಕ್ ಟು ರೀಡ್’, ‘ವರ್ಕ್ ಟು ಡೂ’. ನಮ್ಮಲ್ಲಿ ವಿಶೇಷಣ ನಾಮಪದದ ಮುಂದೆ ನಡೆಯುತ್ತದೆ, ಎತ್ತು ಬಂಡಿಯ ಮುಂದೆ ನಡೆದ ಹಾಗೆ. ಇಂಗ್ಲೀಷಿನ ‘ಟು’ ಗುಂಪು ಯಾವಾಗಲೂ ನಾಮಪದದ ಹಿಂದೆ ಬರುತ್ತದೆ. ‘ಟು ಡ್ರಿಂಕ್ ವಾಟರ್’ ಎಂದು ತಿರುವಿ ಬರೆದರೆ ‘ನೀರು ಕುಡಿಯುವುದು’ ಎಂಬ ಬೇರೆ ಅರ್ಥ ಆಗಿಬಿಡುತ್ತದೆ. ‘ಸಮ್‌ಥಿಂಗ್’ ಜೊತೆ ಬೇರೆ ವಿಶೇಷಣ ಇದ್ದರೆ ಅದು ನಡುವೆ ಕೂಡುತ್ತದೆ: ‘ಸಮ್‌ಥಿಂಗ್ ಕೋಲ್ಡ್ ಟು ಡ್ರಿಂಕ್’, ಕುಡಿಲಾಕ ತಣ್ಣಂದು ಏನರೆ.

‘ಡ್ರಿಂಕಿಂಗ್ ವಾಟರ್’ಗೂ ‘ವಾಟರ್ ಟು ಡ್ರಿಂಕ್’ಗೂ ಏನು ಫರಕು ಅಂತ ನಾನು ಕೇಳಿದೆ. ಗುರುಗಳು ಹೇಳಿದ್ದು: ‘ಡ್ರಿಂಕಿಂಗ್ ವಾಟರ್’ ಅಂದರೆ ನೀರಿನ ಒಂದು ಜಾತಿ. ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ ಅಂತೀವಲ್ಲ, ಹಾಗೆ. ‘ವಾಟರ್ ಟು ಡ್ರಿಂಕ್’ ಅಂದರೆ ಈಗ, ಇಲ್ಲಿ, ಯಾರಿಗೋ ಕುಡಿಲಾಕ ಬೇಕಾದ ನೀರು. ಮಳೆಗಾಲದಲ್ಲಿ ನಮ್ಮ ಕಾಗಿಣಾ ತುಂಬಿ ಬಂದು ಸೇತುವೆ ಮೇಲೆ ಹರಿಯುವಾಗ ಹೊಳೆ ತುಂಬ ನೀರು ಇರುತ್ತದೆ, ಕೆಂಪು ರಾಡಿ. ಕೊಡ ಹಿಡಿದು ನಿಂತವರಿಗೆ ಆಗ ಬೇಕಾಗುವುದು ‘ವಾಟರ್ ಟು ಡ್ರಿಂಕ್’.

ಇನ್ನು ನನಗೆ ಬಹಳ ಸೇರಿದ ಭಾಗ. ನಾವು ಮನೆಯಲ್ಲಿ ‘ಕುಡಿಯುವ ನೀರು’ ಅಂತ ಕಡಿಮೆ ಅಂತೀವಿ, ‘ಕುಡಿಲಾಕ ನೀರು ಕೊಡು’ ಅಂತೀವಿ. ಪುಸ್ತಕದಲ್ಲಿ ‘ಕುಡಿಯಲಿಕ್ಕೆ ನೀರು’. ಬೆಂಗಳೂರು ಮೈಸೂರು ಕಡೆಯವರು ‘ಕುಡಿಯೋಕೆ ನೀರು’ ಅಂತಾರೆ. ಈ ಮೂರರ ಕೊನೆಗೂ ಒಂದು ಕಕಾರ ಇದೆ, ನೋಡಿದಿರಾ? ಅದು ಚತುರ್ಥಿ ವಿಭಕ್ತಿ. ಊರಿಗೆ, ಹೊಲಕ್ಕೆ ಅಂತೀವಲ್ಲ, ಅದೇ ‘ಗೆ, ಕ್ಕೆ’. ಕುಡಿಯಲ್ ಎಂಬುದಕ್ಕೆ ಚತುರ್ಥಿ ಹಚ್ಚಿ ಕುಡಿಯಲಿಕ್ಕೆ ಆಗಿದೆ. ಸೇಡಂ ಆಚೆ ತೆಲುಗು ಸೀಮೆಗೆ ಹೋದರೆ ‘ತಾಗಡಾನಿಕಿ ನೀಳ್ಳು’ ಅಂತಾರೆ, ಕೊನೆಗೆ ‘ಕಿ’. ನಮ್ಮ ಓಣಿಯ ದಖನಿ ಮಾತಾಡುವ ಗೆಳತಿಯರು ‘ಪೀನೇಕು ಪಾನಿ’ ಅಂತಾರೆ, ಕೊನೆಗೆ ‘ಕು’. ತೆಲುಗು ಮತ್ತು ಕನ್ನಡ ಅಕ್ಕತಂಗಿ ಇದ್ದಂತೆ ಎಂದು ನಾವು ಓದಿದ್ದೇವೆ, ದಖನಿ ಬೇರೆ ಮನೆತನದ್ದು. ಆದರೂ ನೀರು ಕೇಳುವಾಗ ಮೂವರೂ ಒಂದೇ ಥರ ಕೇಳುತ್ತೇವೆ.

ಇಂಗ್ಲೀಷಿನ ‘ಟು’ ಕೂಡ ಅದೇ ಆಗಿದೆ ಎಂದು ಗುರುಗಳು ಹೇಳಿದಾಗ ನಾನು ನಂಬಲಿಲ್ಲ. ‘ಟು ಚಿತ್ತಾಪುರ’ ಅಂದರೆ ಚಿತ್ತಾಪುರಕ್ಕೆ. ಹಾಗೇ ‘ಟು ಡ್ರಿಂಕ್’ ಅಂದರೆ ಕುಡಿಯುವುದಕ್ಕೆ. ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲೀಷಿನಲ್ಲಿ ಹೀಗೆ ಬರೆಯುವಾಗ ಬರೀ ‘ಡ್ರಿಂಕ್’ ಎನ್ನುತ್ತಿರಲಿಲ್ಲವಂತೆ. ‘ಟೋ ಡ್ರಿಂಕೆನ್ನೆ’ ಎಂದು ಕ್ರಿಯಾಪದದ ಬಾಲಕ್ಕೂ ಒಂದು ಚತುರ್ಥಿಯಂಥ ಪ್ರತ್ಯಯ ಹಚ್ಚುತ್ತಿದ್ದರಂತೆ. ಬರಬರುತ್ತಾ ಬಾಲ ಉದುರಿ ಹೋಯಿತು, ಮುಂದಿನ ‘ಟು’ ಉಳಿಯಿತು. ಅಂದಮೇಲೆ ನಾವು ‘ಕ್ಕೆ’ಯನ್ನು ಹಿಂದೆ ಕಟ್ಟುತ್ತೇವೆ, ಅವರು ಮುಂದೆ ಕಟ್ಟುತ್ತಾರೆ. ಇಷ್ಟು ತಿಳಿದ ಮೇಲೆ ನನಗೆ ಇಂಗ್ಲೀಷಿನ ಅರ್ಧ ಹೆದರಿಕೆ ಹೋಯಿತು. ನಮ್ಮ ಮುತ್ಯಾನ ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. 1948ರ ತನಕ ನಮ್ಮ ಕಡೆ ಸರ್ಕಾರದ ಮಾತು ಉರ್ದುವೇ ಆಗಿತ್ತು. ಅವರು ಮನೆಯ ಕನ್ನಡ, ಶಾಲೆಯ ಉರ್ದು, ಸಂತೆಯ ತೆಲುಗು ಮೂರೂ ಆಡುತ್ತಿದ್ದರೆಂದು ಮುತ್ಯಾ ಹೇಳುತ್ತಾನೆ. ಅವರಿಗೆ ಈ ‘ಕ್ಕೆ, ಕಿ, ಕು’ ಯಾರೂ ಕಲಿಸಿರಲಿಕ್ಕಿಲ್ಲ.

ಆದರೆ ‘ಟು’ ಕಂಡಲ್ಲೆಲ್ಲ ‘ಉವ’ ಇಡಬಹುದು, ‘ಉವ’ ಕಂಡಲ್ಲೆಲ್ಲ ‘ಟು’ ಇಡಬಹುದು ಅಂತ ತಿಳಿಯಬೇಡಿರಿ. ಇಲ್ಲೇ ಮೋಸ ಇದೆ. ಗುರುಗಳು ಕಪ್ಪುಹಲಗೆಯ ಮೇಲೆ ನಾಲ್ಕು ಕನ್ನಡ ಮಾತು ಬರೆದರು: ಹಾಡುವ ಹುಡುಗಿ, ಹಾಡುವ ಪದ, ಹಾಡುವ ಕಟ್ಟೆ, ಹಾಡುವ ಹೊತ್ತು. ನಾಲ್ಕಕ್ಕೂ ‘ಹಾಡುವ’ ಒಂದೇ. ಆದರೆ ಹುಡುಗಿ ತಾನೇ ಹಾಡುತ್ತಾಳೆ. ಪದವನ್ನು ಬೇರೆಯವರು ಹಾಡುತ್ತಾರೆ. ಕಟ್ಟೆ ಹಾಡುವುದಿಲ್ಲ, ಅದರ ಮೇಲೆ ಕೂತು ಹಾಡುತ್ತಾರೆ. ಹೊತ್ತಿನಲ್ಲಿ ಹಾಡುತ್ತಾರೆ. ಕನ್ನಡ ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ, ಕೇಳುವವರು ತಾವೇ ತಿಳಕೋಬೇಕು. ಇಂಗ್ಲೀಷಿನಲ್ಲಿ ‘ಎ ಸಾಂಗ್ ಟು ಸಿಂಗ್’ ಸರಿ, ‘ಟೈಮ್ ಟು ಸಿಂಗ್’ ಸರಿ. ಕಟ್ಟೆಗೆ ‘ಎ ಪ್ಲಾಟ್‌ಫಾರ್ಮ್ ಟು ಸಿಂಗ್ ಆನ್’, ಕೊನೆಗೆ ‘ಆನ್’ ಬೇಕು. ಹುಡುಗಿಗೆ ‘ಎ ಗರ್ಲ್ ಹೂ ಸಿಂಗ್ಸ್’ ಅನ್ನಬೇಕು. ‘ಎ ಗರ್ಲ್ ಟು ಸಿಂಗ್’ ಅಂದರೆ ಹಾಡಲಿಕ್ಕೆ ಒಬ್ಬಳು ಬೇಕಾಗಿದ್ದಾಳೆ ಎಂಬ ಅರ್ಥ ಬರುತ್ತದೆ. ನಾಳೆ ಪ್ರಾರ್ಥನೆಗೆ ಒಬ್ಬಳು ಬೇಕು, ಆಗ ಹಾಗೆ ಹೇಳಬಹುದು.

ಇದು ತಿಳಿಯದೆ ನಮ್ಮ ತರಗತಿಯಲ್ಲಿ ಒಬ್ಬ ‘ಕಡಿಯುವ ನಾಯಿ’ಗೆ ‘ಎ ಡಾಗ್ ಟು ಬೈಟ್’ ಅಂತ ಬರೆದಿದ್ದ. ಹೆಸರು ಹೇಳುವುದಿಲ್ಲ, ಅವನು ಈಗ ಇದನ್ನು ಓದುತ್ತಿರಬಹುದು. ಗುರುಗಳು ನಕ್ಕು, “ಇದರ ಅರ್ಥ ಏನು ಗೊತ್ತೇನೋ? ನೀನೇ ಕಡಿಲಾಕ ಒಂದು ನಾಯಿ!” ಅಂದರು. ಯಾಕಂದರೆ ‘ಕಡಿಯುವ ಕಟ್ಟಿಗೆ’ಗೆ ‘ವುಡ್ ಟು ಕಟ್’ ಎಂಬುದು ಸರಿ, ಕಟ್ಟಿಗೆಯನ್ನು ನಾವು ಕಡಿಯುತ್ತೇವೆ. ನಾಯಿ ತಾನೇ ಕಡಿಯುತ್ತದೆ, ಅದು ಅದರ ಚಾಳಿ. ಚಾಳಿ, ಸ್ವಭಾವ, ದಿನಾ ಮಾಡುವ ಕೆಲಸ ಹೇಳುವಾಗ ‘ಟು’ ಬೇಡ. ‘ಎ ಡಾಗ್ ದಟ್ ಬೈಟ್ಸ್’ ಎಂದು ಬರೆಯಬೇಕು. ಮುಂದೆ ಆಗಬೇಕಾದ್ದು, ಬೇಕಾಗಿರುವುದು, ಮಾಡಲು ಉಳಿದಿರುವುದು ಹೇಳುವಾಗ ‘ಟು’ ಸೇರುತ್ತದೆ. ತೊಗರಿ ರಾಶಿಯ ದಿನ ಅವ್ವ ಹೇಳುವ ಮಾತೆಲ್ಲ ಈ ಜಾತಿಯವೇ: ಹಸನು ಮಾಡಾ ತೊಗರಿ, ತುಂಬಾ ಚೀಲ, ಕೊಡಾ ಸಾಲ. ‘ತೂರ್ ಟು ಕ್ಲೀನ್’, ‘ಬ್ಯಾಗ್ಸ್ ಟು ಫಿಲ್’, ‘ಎ ಲೋನ್ ಟು ರಿಪೇ’. ನಮ್ಮ ತೊಗರಿ ಬೇಳೆಗೆ ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಾಲ ಮಾತ್ರ ಇನ್ನೂ ‘ಟು ರಿಪೇ’ನೇ ಇದೆ.

ಈಗ ನನ್ನ ಅರ್ಧ ಅಂಕದ ಲೆಕ್ಕ. ಇದನ್ನು ಎಲ್ಲರೂ ಲಕ್ಷ್ಯ ಕೊಟ್ಟು ಓದಿರಿ, ಪರೀಕ್ಷೆಯಲ್ಲಿ ಬರುತ್ತದೆ.

‘ಬರೆಯುವ’ ಎಂಬ ಒಂದು ಮಾತು ತಗೊಳ್ಳಿರಿ. ಬರೆಯುವ ಪತ್ರ, ಬರೆಯುವ ಪೆನ್ನು, ಬರೆಯುವ ಹಾಳೆ, ಬರೆಯುವ ವಿಷಯ. ಕನ್ನಡದಲ್ಲಿ ನಾಲ್ಕಕ್ಕೂ ಫರಕೇ ಇಲ್ಲ. ಇಂಗ್ಲೀಷಿನಲ್ಲಿ ಹೀಗೆ: ‘ಎ ಲೆಟರ್ ಟು ರೈಟ್’, ‘ಎ ಪೆನ್ ಟು ರೈಟ್ ವಿತ್’, ‘ಪೇಪರ್ ಟು ರೈಟ್ ಆನ್’, ‘ಎ ಸಬ್ಜೆಕ್ಟ್ ಟು ರೈಟ್ ಅಬೌಟ್’. ಪತ್ರಕ್ಕೆ ಬಾಲ ಇಲ್ಲ, ಉಳಿದ ಮೂರಕ್ಕೂ ಬೇರೆ ಬೇರೆ ಬಾಲ. ಮತ್ತೆ ಪತ್ರ ಬರೆಯಲಿಕ್ಕೆ ಒಬ್ಬ ಗೆಳತಿ ಇದ್ದರೆ ‘ಎ ಫ್ರೆಂಡ್ ಟು ರೈಟ್ ಟು’, ಎರಡು ಸಲ ‘ಟು’. ಅದನ್ನು ನೋಡಿದಾಗ ಕೈತಪ್ಪಿ ಎರಡು ಸಲ ಬರೆದಂತೆ ಕಾಣುತ್ತದೆ, ಆದರೆ ಅದು ಸರಿ. ಮೊದಲನೆಯ ‘ಟು’ ಕ್ರಿಯಾಪದದ್ದು, ಎರಡನೆಯದು ‘ಗೆಳತಿಗೆ’ ಎಂಬುದರ ‘ಗೆ’.

ಈ ಬಾಲ ಎಲ್ಲಿಂದ ಬರುತ್ತದೆ? ಗುರುಗಳು ತೋರಿಸಿದ ಉಪಾಯ ಸರಳ ಇದೆ. ನಾಮಪದವನ್ನು ಒಯ್ದು ಕ್ರಿಯಾಪದದ ಹಿಂದೆ ಇಟ್ಟು ಪೂರಾ ವಾಕ್ಯ ಮಾಡಿರಿ. ‘ಐ ರೈಟ್ ಎ ಲೆಟರ್’, ಪತ್ರವನ್ನು ಬರೆಯುತ್ತೇನೆ. ನಡುವೆ ಏನೂ ಬೇಕಾಗಿಲ್ಲ, ಆದ್ದರಿಂದ ಬಾಲ ಇಲ್ಲ. ‘ಐ ರೈಟ್ ವಿತ್ ಎ ಪೆನ್’, ಪೆನ್ನಿನಿಂದ ಬರೆಯುತ್ತೇನೆ. ನಡುವೆ ‘ವಿತ್’ ಬಂತು, ಅದನ್ನು ಬಿಡಬಾರದು. ‘ಐ ರೈಟ್ ಆನ್ ಪೇಪರ್’, ಹಾಳೆಯ ಮೇಲೆ. ನಮ್ಮಲ್ಲಿ ಪೆನ್ನಿನಿಂದ ಎಂಬ ಪದ ಕ್ರಿಯೆಯ ಹಿಂದೆ ಹೋಗಿ ‘ಬರೆಯುವ ಪೆನ್ನು’ ಆದಾಗ ‘ಇಂದ’ ಎಂಬ ವಿಭಕ್ತಿ ಪ್ರತ್ಯಯ ಕಳಚಿ ಬಿದ್ದು ಹೋಗುತ್ತದೆ, ಯಾರೂ ಹುಡುಕುವುದಿಲ್ಲ. ಇಂಗ್ಲೀಷಿನಲ್ಲಿ ಅದು ಕಳೆಯುವುದಿಲ್ಲ. ನಾಮಪದ ಗುಡಿಯ ಒಳಗೆ ಹೋಯಿತು, ಅದರ ಚಪ್ಪಲಿ ಹೊರಗೇ ಉಳಿಯಿತು ಅಂತ ತಿಳಕೊಳ್ಳಿರಿ. ಹೊರಗಿನ ಚಪ್ಪಲಿ ನೋಡಿದರೆ ಒಳಗೆ ಯಾರು ಹೋಗಿದ್ದಾರೆ ಎಂದು ಗೊತ್ತಾಗುತ್ತದಲ್ಲ, ಹಾಗೆ ‘ವಿತ್’ ನೋಡಿದರೆ ಪೆನ್ನು, ‘ಆನ್’ ನೋಡಿದರೆ ಹಾಳೆ.

ನಾನು ಮನೆಗೆ ಹೋಗಿ ಎಲ್ಲ ಸಾಮಾನಿಗೂ ಇದನ್ನು ಹಚ್ಚಿ ನೋಡಿದೆ. ನೀರು ಕುಡಿಯುವ ತಂಬಿಗೆ, ‘ಎ ಪಾಟ್ ಟು ಡ್ರಿಂಕ್ ಫ್ರಮ್’. ಕೂಡುವ ಚಾಪೆ, ‘ಎ ಮ್ಯಾಟ್ ಟು ಸಿಟ್ ಆನ್’. ರೊಟ್ಟಿ ಇಡುವ ಬುಟ್ಟಿ, ‘ಎ ಬ್ಯಾಸ್ಕೆಟ್ ಟು ಕೀಪ್ ರೊಟ್ಟೀಸ್ ಇನ್’. ಹಾಸುವ ಕಲ್ಲಿಗೆ ಬಾಲ ಇಲ್ಲ, ‘ಸ್ಟೋನ್ಸ್ ಟು ಲೇ’, ಕಲ್ಲನ್ನೇ ಹಾಸುತ್ತೇವೆ. ನಮ್ಮ ಕಡೆ ಶಹಾಬಾದ ಕಲ್ಲು ಹಾಸದ ಮನೆ ಕಡಿಮೆ, ನೀವೂ ನಿಮ್ಮ ಕಾಲ ಕೆಳಗಿನ ಪರಸಿ ನೋಡಿ ನೆನಪಿಡಬಹುದು. ಆಯಿ ನನ್ನನ್ನು ನೋಡಿ, “ಈ ಹುಡುಗಿಗಿ ಏನಾಗ್ಯದ, ತಂಬಿಗಿ ಜೋಡಿ ಮಾತಾಡಲತ್ತಾಳ” ಅಂದಳು.

ಹಾಗಾದರೆ ‘ಸಿಟ್’ ಮತ್ತು ‘ಫ್ರೆಂಡ್’. ‘ಐ ಸಿಟ್ ಎ ಫ್ರೆಂಡ್’ ಎಂದು ಯಾರೂ ಅನ್ನುವುದಿಲ್ಲ. ‘ಐ ಸಿಟ್ ವಿತ್ ಎ ಫ್ರೆಂಡ್’, ಗೆಳತಿಯ ಜೋಡಿ ಕೂಡುತ್ತೇನೆ. ಆದ್ದರಿಂದ ‘ಐ ಹ್ಯಾವ್ ನೋ ಫ್ರೆಂಡ್ ಟು ಸಿಟ್ ವಿತ್.’ ಗುರುಗಳ ಬಾಣ ತೋರಿಸುತ್ತಿದ್ದದ್ದು ಆ ಬಿಟ್ಟುಹೋದ ‘ವಿತ್’ಗೆ. ‘ಜೋಡಿ’ ಎಂಬ ಮಾತೇ ನನ್ನ ವಾಕ್ಯದಲ್ಲಿ ಇರಲಿಲ್ಲ.

ಇನ್ನು ಅಕಿ ವಾಕ್ಯ ಯಾಕೆ ಸರಿ? ಲೆಕ್ಕದ ಪ್ರಕಾರ ‘ಪ್ಲೇ ಇನ್ ಎ ಪ್ಲೇಸ್’ ಆಗಿ, ಕೊನೆಗೆ ‘ಇನ್’ ಬೇಕಾಗಿತ್ತು. ಆದರೆ ‘ಪ್ಲೇಸ್’, ‘ಟೈಮ್’, ‘ವೇ’ ಈ ಮೂರು ಪದಗಳಿಗೆ ಬಾಲ ಬಿಟ್ಟರೂ ನಡೆಯುತ್ತದೆ. ಜಾಗ ಅಂದ ಮೇಲೆ ‘ಅಲ್ಲಿ’ ಎಂಬುದು ಅದರೊಳಗೇ ಇದೆ, ಹೊತ್ತು ಅಂದ ಮೇಲೆ ‘ಆಗ’ ಎಂಬುದು ಅದರೊಳಗೇ ಇದೆ. ‘ಎ ಪ್ಲೇಸ್ ಟು ಲಿವ್’ ಸರಿ, ‘ಟೈಮ್ ಟು ಗೋ’ ಸರಿ. ಆದರೆ ಮನೆ ಎಂದು ಬರೆದರೆ ‘ಎ ಹೌಸ್ ಟು ಲಿವ್ ಇನ್’ ಎಂದೇ ಬರೆಯಬೇಕು. ಅಕಿಗೆ ಈ ನಿಯಮ ಗೊತ್ತಿತ್ತೋ, ಹಾಗೇ ಬಂತೋ, ನನಗೆ ತಿಳಿಯದು. ಇಂಗ್ಲೀಷಿನಲ್ಲಿ ಯಾವಾಗಲೂ ನನಗಿಂತ ಎರಡು ಅಂಕ ಮುಂದೇ ಇರುತ್ತಿದ್ದಳು.

‘ಟು’ ಕಂಡ ಕೂಡಲೇ ಅದು ಯಾವ ‘ಟು’ ಎಂದು ನೋಡಬೇಕು. ಅದರ ಮುಂದೆ ಕ್ರಿಯಾಪದ ಇದ್ದರೆ ನಮ್ಮ ಇವತ್ತಿನ ‘ಟು’. ನಾಮಪದ ಇದ್ದರೆ ಅದು ಬರೇ ‘ಗೆ, ಕ್ಕೆ’. ‘ಎ ಟ್ರೇನ್ ಟು ವಾಡಿ’ ಅಂದರೆ ವಾಡಿಗೆ ಹೋಗುವ ರೈಲು. ‘ಎ ಟ್ರೇನ್ ಟು ಕ್ಯಾಚ್’ ಅಂದರೆ ಹಿಡಿಯಬೇಕಾದ ರೈಲು. ‘ರೈಟ್ ಟು ಎಜುಕೇಶನ್’ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ಎಜುಕೇಶನ್ ನಾಮಪದ, ಅದು ಶಿಕ್ಷಣದ ಹಕ್ಕು. ‘ದಿ ರೈಟ್ ಟು ವೋಟ್’ ಅಂದರೆ ಮತ ಹಾಕುವ ಹಕ್ಕು, ಇಲ್ಲಿ ವೋಟ್ ಕ್ರಿಯಾಪದ. ಮತ ಹಾಕುವ ವಯಸ್ಸು ಮೊದಲು 21 ಇತ್ತು, 1989ರಿಂದ 18 ಆಯಿತು. ಆದ್ದರಿಂದ ಅದು ನಮಗೆ ಸಿಗಲು ಇನ್ನೂ ಐದು ವರ್ಷ ಇದೆ. ಶಿಕ್ಷಣದ ಹಕ್ಕಿನ ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಈಗಲೇ ಇದೆ, ಯಾವ ಊರಲ್ಲಿದ್ದರೂ ಇದೆ. ನನ್ನ ಗೆಳತಿಗೂ ನನಗೂ ಹದಿಮೂರು.

ಕ್ರಿಯಾಪದವೇ ಇದ್ದರೂ ಇನ್ನೊಂದು ತೊಡಕು. ‘ಐ ವೆಂಟ್ ಟು ದ ರಿವರ್ ಟು ವಾಶ್ ಕ್ಲೋತ್ಸ್’ ಎಂಬಲ್ಲಿ ‘ಟು ವಾಶ್’ ಯಾವುದಕ್ಕೆ ಅಂಟಿದೆ? ಯಾಕ ಹೋದಿ? ಬಟ್ಟಿ ಒಗಿಲಾಕ. ಅದು ‘ವೆಂಟ್’ಗೆ ಅಂಟಿದ್ದು, ಹೊಳೆಗೆ ಅಲ್ಲ. ‘ಐ ಹ್ಯಾವ್ ಕ್ಲೋತ್ಸ್ ಟು ವಾಶ್’ ಎಂಬಲ್ಲಿ ಎಂಥ ಬಟ್ಟೆ? ಒಗೆಯುವ ಬಟ್ಟೆ. ಅದು ಬಟ್ಟೆಗೆ ಅಂಟಿದ್ದು. ‘ಯಾಕ’ ಎಂಬ ಪ್ರಶ್ನೆಗೆ ಉತ್ತರ ಆದರೆ ಕ್ರಿಯೆಯದು, ‘ಎಂಥ’ ಎಂಬುದಕ್ಕೆ ಆದರೆ ನಾಮಪದದ್ದು. ‘ದೇ ವೆಂಟ್ ಟು ಪುಣೆ ಟು ವರ್ಕ್’ ಇದು ‘ಯಾಕ’. ‘ದೇರ್ ಈಸ್ ವರ್ಕ್ ಟು ಡೂ ಇನ್ ಪುಣೆ’ ಇದು ‘ಎಂಥ’. ಕೆಲವು ವಾಕ್ಯ ಎರಡೂ ಕಡೆ ಜಗ್ಗುತ್ತವೆ. ‘ಹೀ ಬಾಟ್ ಎ ಬುಕ್ ಟು ರೀಡ್’ ಎಂಬುದಕ್ಕೆ ನಾವು ಅರ್ಧ ಪಿರಿಯಡ್ ಜಗಳಾಡಿದೆವು, ತೀರ್ಮಾನ ಆಗಲಿಲ್ಲ, ಗಂಟೆ ಹೊಡೆಯಿತು.

ಯಾರು ಮಾಡುವವರು ಎಂದು ಹೇಳಬೇಕಾದರೆ ನಡುವೆ ‘ಫಾರ್’ ಹಾಕಿ ಅವರ ಹೆಸರು ಇಡಬೇಕು. ‘ವಾಟರ್ ಫಾರ್ ದ ಬುಲ್ಸ್ ಟು ಡ್ರಿಂಕ್’, ಎತ್ತುಗಳು ಕುಡಿಯುವ ನೀರು. ‘ಫಾರ್’ ಹಾಕದಿದ್ದರೆ ಯಾರು ಕುಡಿಯುವವರು ಎಂದು ವಾಕ್ಯದ ಮೊದಲಿನಿಂದ ತಿಳಿಯಬೇಕು. ‘ಐ ಹ್ಯಾವ್ ವರ್ಕ್ ಟು ಡೂ’ ಅಂದರೆ ಮಾಡುವವಳು ನಾನೇ.

ಈಗ ಒಂದು ವಿಚಿತ್ರ ನೋಡಿರಿ. ‘ಟು’ ಅಂದರೆ ಮುಂದೆ ಆಗುವುದು ಎಂದು ಮೇಲೆ ಬರೆದೆ. ಆದರೆ ‘ಫಸ್ಟ್’, ‘ಲಾಸ್ಟ್’, ‘ಓನ್ಲಿ’, ಮತ್ತೆ ‘ಓಲ್ಡೆಸ್ಟ್’ನಂಥ ಪದಗಳು ಬಂದಾಗ ಆಗಿಹೋದದ್ದಕ್ಕೂ ಇದೇ ‘ಟು’ ಬರುತ್ತದೆ. ‘ರಾಕೇಶ್ ಶರ್ಮಾ ವಾಸ್ ದ ಫಸ್ಟ್ ಇಂಡಿಯನ್ ಟು ಗೋ ಟು ಸ್ಪೇಸ್.’ ಅವರು ಹೋದದ್ದು 1984ರಲ್ಲಿ. ಕನ್ನಡದಲ್ಲಿ ‘ಹೋಗುವ ಮೊದಲ ಭಾರತೀಯ’ ಎಂದರೆ ತಪ್ಪು, ‘ಹೋದ ಮೊದಲ ಭಾರತೀಯ’ ಅನ್ನಬೇಕು. ಅದೇ ವರ್ಷ ಬಚೇಂದ್ರಿ ಪಾಲ್ ಎವರೆಸ್ಟ್ ಏರಿದರು, ‘ದ ಫಸ್ಟ್ ಇಂಡಿಯನ್ ವುಮನ್ ಟು ಕ್ಲೈಂಬ್ ಎವರೆಸ್ಟ್’, ಏರಿದ ಮೊದಲ ಭಾರತೀಯ ಮಹಿಳೆ. 1967ರ ಜ್ಞಾನಪೀಠ ಪಡೆದ ಕುವೆಂಪು ಅವರು ‘ದ ಫಸ್ಟ್ ಕನ್ನಡ ರೈಟರ್ ಟು ವಿನ್’. 2023ರ ಆಗಸ್ಟ್ 23ರಂದು ಚಂದ್ರಯಾನ 3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು, ಆಗ ಭಾರತ ‘ದ ಫಸ್ಟ್ ಕಂಟ್ರಿ ಟು ಲ್ಯಾಂಡ್’ ಅಲ್ಲಿ. ಎಲ್ಲಕ್ಕೂ ಕನ್ನಡದಲ್ಲಿ ‘ದ’ಕಾರದ ಭೂತ ಕೃದಂತ: ಹೋದ, ಏರಿದ, ಪಡೆದ, ಇಳಿದ.

ನಮ್ಮ ಹೊಳೆಯ ಉದಾಹರಣೆಯೂ ಇದೆ. ಇದೇ ಕಾಗಿಣಾ ದಂಡೆಯ ಮಳಖೇಡ ಆಗ ಮಾನ್ಯಖೇಟ ಎಂಬ ಹೆಸರಿನ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ಹೊತ್ತಿಗೆ ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ಉಳಿದು ಬಂದ ಅತಿ ಹಳೆಯ ಕನ್ನಡ ಗ್ರಂಥ. ಇಂಗ್ಲೀಷಿನಲ್ಲಿ ‘ದಿ ಓಲ್ಡೆಸ್ಟ್ ಕನ್ನಡ ವರ್ಕ್ ಟು ಸರ್ವೈವ್’. ಕನ್ನಡ ಹೇಗೆ ಬರೆಯಬೇಕು, ಎಲ್ಲಿ ತಪ್ಪಾಗುತ್ತದೆ ಎಂದು ಹೇಳುವ ಪುಸ್ತಕ ಅದು. ಸಾವಿರದ ನೂರಾ ಎಪ್ಪತ್ತು ವರ್ಷದ ಹಿಂದೆಯೂ ಈ ಹೊಳೆ ದಂಡೆಯಲ್ಲಿ ಯಾರೋ ಕೆಂಪು ಬಾಣ ಹಾಕುತ್ತಿದ್ದರು ಅಂತಾಯಿತು. ಹಳಗನ್ನಡ ವ್ಯಾಕರಣಕ್ಕೆ ಕೇಶಿರಾಜನ ‘ಶಬ್ದಮಣಿದರ್ಪಣ’ ಇದೆ, ಸುಮಾರು 1260ರದು. ಅದನ್ನು 1872ರಲ್ಲಿ ಅಚ್ಚು ಹಾಕಿಸಿದವರು ಜರ್ಮನಿಯಿಂದ ಬಂದ ಕಿಟೆಲ್. 1894ರಲ್ಲಿ ಅವರ ಕನ್ನಡ ಇಂಗ್ಲೀಷ್ ನಿಘಂಟು ಬಂತು. ಕನ್ನಡ ಅವರ ತಾಯಿಮಾತಲ್ಲ. ಅವರೂ ‘ಕುಡಿಯುವ’, ‘ಕುಡಿಯಲಿಕ್ಕೆ’ ಎಂಬುದನ್ನು ನಮ್ಮ ಹಾಗೆ ತಿರುವಿ ತಿರುವಿ ಕಲಿತಿರಬೇಕು.

ಉಳಿದದ್ದು ಬೇಗ ಹೇಳುತ್ತೇನೆ, ಹಾಳೆ ಮುಗಿಯುತ್ತಾ ಬಂತು. ಕೆಲವು ನಾಮಪದಗಳಿಗೆ ‘ಟು’ ಸೇರುವುದಿಲ್ಲ, ‘ಆಫ್’ ಬೇಕು. ಓದುವ ಆಸೆ, ‘ಡಿಸೈರ್ ಟು ರೀಡ್’. ಓದುವ ಅಭ್ಯಾಸ, ‘ಹ್ಯಾಬಿಟ್ ಆಫ್ ರೀಡಿಂಗ್’. ಹೋಗುವ ಪರವಾನಗಿ, ‘ಪರ್ಮಿಶನ್ ಟು ಗೋ’. ಬೀಳುವ ಹೆದರಿಕೆ, ‘ಫಿಯರ್ ಆಫ್ ಫಾಲಿಂಗ್’. ಚಾನ್ಸ್, ಪ್ಲ್ಯಾನ್, ಪ್ರಾಮಿಸ್, ಡಿಸಿಶನ್ ಇವು ‘ಟು’ ಪಂಗಡ. ಇದಕ್ಕೆ ಉಪಾಯ ಇಲ್ಲ, ಬಾಯಿಪಾಠವೇ ಗತಿ. ಮತ್ತೆ, ಕಲಬುರಗಿಯಲ್ಲಿ ಮನೆಗಳ ಮೇಲೆ ‘ಟು ಲೆಟ್’ ಎಂದು ಬರೆದಿರುತ್ತದೆ. ಅದು ‘ಹೌಸ್ ಟು ಲೆಟ್’, ಬಾಡಿಗೆಗೆ ಕೊಡುವ ಮನೆ. ಮನೆ ತಾನೇ ಏನೂ ಕೊಡುವುದಿಲ್ಲ, ಅದನ್ನು ಕೊಡುತ್ತಾರೆ. ಆದರೂ ಕನ್ನಡದ ‘ಕೊಡುವ ಮನೆ’ಯ ಹಾಗೆ ಇಂಗ್ಲೀಷಿನಲ್ಲೂ ಸಾದಾ ರೂಪವೇ ನಡೆಯುತ್ತದೆ.

ನಿಮಗೆ ನಾಲ್ಕು ಬಿಟ್ಟ ಸ್ಥಳ ಕೊಡುತ್ತೇನೆ. ಎಲ್ಲಿ ಬಾಲ ಬೇಕು, ಎಲ್ಲಿ ಬೇಡ ನೋಡಿ ನಿಮ್ಮ ನೋಟುಬುಕ್ಕಿನಲ್ಲಿ ಬರೆಯಿರಿ, ಗೋಡೆಯ ಮೇಲೆ ಬರೆಯಬೇಡಿರಿ. ‘ಎ ನೈಫ್ ಟು ಕಟ್ ಆನಿಯನ್ಸ್ ___’. ‘ಆನಿಯನ್ಸ್ ಟು ಕಟ್ ___’. ‘ಎ ಬ್ರಿಡ್ಜ್ ಟು ಕ್ರಾಸ್ ___’. ‘ಎ ಟೀಚರ್ ಟು ಟಾಕ್ ___’. ಕೊನೆಯದಕ್ಕೆ ಎರಡು ಉತ್ತರ ಬರುತ್ತವೆ.

ಪುಣೆಯಿಂದ ಬಂದವರು ಸೋಮವಾರ ತಿರುಗಿ ಹೋಗುತ್ತಾರೆ. ಅವರ ಕೈಯಲ್ಲಿ ನಾನೂ ಒಂದು ಚೀಟಿ ಕಳಿಸುತ್ತಿದ್ದೇನೆ. ಗುರುಗಳನ್ನು ಕೇಳಿ ಬಂದೆ, ಹಾಜರಿ ಪುಸ್ತಕದಲ್ಲಿ ಅಕಿ ಹೆಸರು ಇನ್ನೂ ಇದೆ, ತಿರುಗಿ ಬಂದರೆ ಕೂಡಿಸಿಕೊಳ್ಳುತ್ತಾರೆ. ಪುಣೆಯಲ್ಲೇ ಉಳಿದರೂ ಅಲ್ಲಿನ ಶಾಲೆ ಅಕಿಗೆ ಬ್ಯಾಡ ಅನ್ನಲಿಕ್ಕೆ ಬರುವುದಿಲ್ಲ, ಕಾಯ್ದೆ ಹಾಗಿದೆ ಎಂದು ಹೇಳಿದರು. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಅವರ ಅಪ್ಪ ಓದಲಿ ಅಂತ. ಕೊನೆಗೆ ಎರಡು ವಾಕ್ಯ ಇಂಗ್ಲೀಷಿನಲ್ಲಿ, ಗುರುಗಳಿಗೆ ತೋರಿಸದೆ ಬರೆದದ್ದು:

‘ಐ ಹ್ಯಾವ್ ನೋ ಫ್ರೆಂಡ್ ಟು ಸಿಟ್ ವಿತ್. ದೇರ್ ಈಸ್ ಎ ಪ್ಲೇಸ್ ಫಾರ್ ಯು ಟು ಸಿಟ್.’

ಮೊದಲನೆಯದಕ್ಕೆ ಬಾಲ ಇದೆ, ಎರಡನೆಯದಕ್ಕೆ ಬೇಕಾಗಿಲ್ಲ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ, ದಂಡೋತಿ